ವಂಶವೃಕ್ಷ ಬರೆಯುವ ಮುನ್ನ: ಯಾವ ದಾಖಲೆಯ ಯಾವ ಮಾತನ್ನು ಎಷ್ಟು ನಂಬಬೇಕು

ಕರ್ನಾಟಕದ ಯಾವುದಾದರೂ ಹಳೆಯ ಶಾಲೆಯ ದಾಖಲಾತಿ ಪುಸ್ತಕ ತೆರೆದು, ಹುಟ್ಟಿದ ದಿನಾಂಕದ ಕಾಲಂ ಮೇಲೆ ಬೆರಳಾಡಿಸಿ ನೋಡಿ. ಜೂನ್ 1 ಎಷ್ಟು ಸಲ ಬರುತ್ತದೆಂದು ಎಣಿಸಲು ಹೊರಟರೆ ಎಣಿಕೆಯೇ ತಪ್ಪಬಹುದು. ಅಷ್ಟೂ ಮಕ್ಕಳು ಒಂದೇ ದಿನ ಹುಟ್ಟಿದವರಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಬೇಕಾದಷ್ಟು ವಯಸ್ಸು ತುಂಬಿರಲಿ ಎಂದು ಮೇಷ್ಟ್ರು ಹಿಂದಕ್ಕೆ ಎಣಿಸಿ ಬರೆದ ತಾರೀಖು ಅದು. ಅದೇ ಸಾಲಿನಲ್ಲಿ ಮಗುವನ್ನು ಶಾಲೆಗೆ ಸೇರಿಸಿದ ದಿನಾಂಕವೂ ಇರುತ್ತದೆ. ಅದನ್ನು ಮಾತ್ರ ಮೇಷ್ಟ್ರು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡೇ ಬರೆದಿದ್ದಾರೆ. ಸಾಲು ಒಂದೇ, ಕೈಬರಹ ಒಂದೇ, ಮೊಹರೂ ಒಂದೇ. ಆದರೆ ಒಂದು ತಾರೀಖು ಗಟ್ಟಿ, ಇನ್ನೊಂದು ಅಂದಾಜು.

ಹಾಗಾಗಿ ‘ಈ ದಾಖಲೆ ನಂಬಬಹುದೇ’ ಎಂದು ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ. ದಾಖಲೆಯನ್ನು ಮಾತು ಮಾತಾಗಿ ಬಿಡಿಸಿ, ಒಂದೊಂದು ಮಾತನ್ನೂ ಬೇರೆ ಬೇರೆ ತೂಗಬೇಕು. ಸರ್ಕಾರಿ ಮೊಹರು ಇದೆಯೆಂದು ಪೂರ್ತಿ ಒಪ್ಪುವುದೂ ತಪ್ಪು. ಒಂದು ಕಡೆ ತಪ್ಪು ಸಿಕ್ಕಿತೆಂದು ಇಡೀ ಪುಸ್ತಕವನ್ನು ಬದಿಗಿಡುವುದೂ ತಪ್ಪೇ.

ಪ್ರತಿ ಮಾತಿಗೂ ನಾಲ್ಕು ಪ್ರಶ್ನೆ

ಯಾರು ಹೇಳಿದ್ದು? ಬರೆದವರು ಯಾರೆಂಬುದಕ್ಕಿಂತ, ಅವರಿಗೆ ಹೇಳಿದವರು ಯಾರು ಎಂಬುದು ಮುಖ್ಯ. ಮರಣದ ನೋಂದಣಿಯಲ್ಲಿ ಸತ್ತ ದಿನಾಂಕ ಮನೆಯವರು ಕಂಡದ್ದು. ಸತ್ತವರ ವಯಸ್ಸು, ಅವರ ತಂದೆಯ ಹೆಸರು ಮಗನೋ ಅಳಿಯನೋ ನೆನಪಿನಿಂದ ಹೇಳಿದ್ದು. ಎಪ್ಪತ್ತು ವರ್ಷದ ಹಿಂದೆ ನಡೆದ ಹುಟ್ಟನ್ನು ಅಳಿಯ ನೋಡಿರಲು ಸಾಧ್ಯವಿಲ್ಲ.

ಯಾವಾಗ ಬರೆದದ್ದು? ಘಟನೆಯ ದಿನಾಂಕ ಮತ್ತು ನೋಂದಣಿಯ ದಿನಾಂಕ ಎರಡನ್ನೂ ನೋಡಿ. ಎರಡರ ನಡುವಿನ ಅಂತರ ಬೆಳೆದಷ್ಟೂ ನೆನಪು ಸವೆದಿರುತ್ತದೆ.

ಯಾರ ಅನುಕೂಲಕ್ಕೆ? ಯಾವ ದಾಖಲೆಯೂ ನಿಮ್ಮ ವಂಶದ ಕಥೆ ಹೇಳಲು ಹುಟ್ಟಿದ್ದಲ್ಲ. ಕಂದಾಯ ವಸೂಲಿಗೆ, ಇನಾಂ (ದಾನವಾಗಿ ಬಂದ ಜಮೀನು) ಉಳಿಸಿಕೊಳ್ಳಲು, ನೌಕರಿ ಹಿಡಿಯಲು, ಪಾಲು ಕೇಳಲು ಹುಟ್ಟಿದ್ದು. ಆ ಉದ್ದೇಶಕ್ಕೆ ಯಾವ ಮಾತು ಬೇಕಿತ್ತೋ ಅದರಲ್ಲೇ ಬಣ್ಣ ಸೇರುವ ಸಂಭವ ಹೆಚ್ಚು. ಉದ್ದೇಶಕ್ಕೆ ಸಂಬಂಧವಿಲ್ಲದೆ ಸುಮ್ಮನೆ ಬಂದುಹೋದ ಮಾತಿನಲ್ಲಿ ಸುಳ್ಳು ಹೇಳಲು ಯಾರಿಗೂ ಕಾರಣವಿರುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಎಷ್ಟನೆಯ ನಕಲು? ವರ್ಗಾವಣೆ ಪತ್ರ ಎಂದರೆ ದಾಖಲಾತಿ ಪುಸ್ತಕದ ನಕಲು. ಅದರ ಆಧಾರದ ಮೇಲೆ ನೌಕರಿಯ ಸೇವಾ ಪುಸ್ತಕ, ಸೇವಾ ಪುಸ್ತಕದಿಂದ ಪಿಂಚಣಿ ಕಾಗದ. ಈ ನಾಲ್ಕರಲ್ಲೂ ಒಂದೇ ಹುಟ್ಟಿದ ದಿನ ಇದ್ದರೆ ನಾಲ್ಕು ಸಾಕ್ಷಿ ಸಿಕ್ಕಂತಲ್ಲ. ಸಾಕ್ಷಿ ಒಂದೇ, ಅದೂ ಜೂನ್ 1ರ ಮೇಷ್ಟ್ರು.

ಈ ಕೊನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಹತ್ತು ದಾಯಾದಿ ಮನೆಗಳಲ್ಲಿ ಒಂದೇ ವಂಶವೃಕ್ಷ ಇದೆ ಎಂದಾಗ, ಹತ್ತೂ ಒಂದೇ ಮದುವೆಯಲ್ಲಿ ಹಂಚಿದ ಹಾಳೆಯ ಜೆರಾಕ್ಸ್ ಆಗಿರಬಹುದು. ಪತ್ತೆ ಮಾಡಲು ಸುಲಭದ ದಾರಿ ತಪ್ಪುಗಳನ್ನು ಹೋಲಿಸುವುದು. ಎರಡು ಪಟ್ಟಿಗಳಲ್ಲಿ ಒಂದೇ ವಿಚಿತ್ರ ಕಾಗುಣಿತ, ಒಂದೇ ಬಿಟ್ಟುಹೋದ ಹೆಸರು ಇದ್ದರೆ ಒಂದು ಇನ್ನೊಂದನ್ನು ನೋಡಿಯೇ ಬರೆದದ್ದು.

ಪಹಣಿ, ಮ್ಯುಟೇಷನ್, ಕ್ರಯಪತ್ರ

ಜಮೀನಿನ ಕಾಗದ ಇದ್ದ ಮನೆತನಕ್ಕೆ ಇದಕ್ಕಿಂತ ದೊಡ್ಡ ಗಣಿ ಇಲ್ಲ. ಆದರೆ ಪಹಣಿಯನ್ನು ಓದುವ ಬಗೆ ಬೇರೆ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 133ನೇ ಕಲಮಿನ ಪ್ರಕಾರ ಪಹಣಿಯ ನಮೂದನ್ನು ತಪ್ಪೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕು. ಈ ಭಾವನೆ ಕಂದಾಯ ಕಚೇರಿಯ ಕೆಲಸ ಸಾಗಲೆಂದು ಇರುವುದು. ಆ ನಮೂದೊಂದರಿಂದಲೇ ಒಡೆತನ ಸಾಬೀತಾಗದೆಂದು ನ್ಯಾಯಾಲಯಗಳೇ ಮತ್ತೆ ಮತ್ತೆ ಹೇಳಿವೆ. ವಂಶ ಹುಡುಕುವವರಿಗೆ ಇನ್ನೊಂದು ತೊಡಕು: ಪೌತಿ ಖಾತೆ (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸದೆ ಬಿಟ್ಟ ಮನೆಗಳಲ್ಲಿ ಅಜ್ಜ ಸತ್ತು ನಲವತ್ತು ವರ್ಷವಾದರೂ ಖಾತೆದಾರರ ಹೆಸರಿನ 9ನೇ ಕಾಲಂನಲ್ಲಿ ಅವರೇ ಇರುತ್ತಾರೆ. 1990ರ ಪಹಣಿಯಲ್ಲಿ ಹೆಸರಿದೆ ಎಂಬುದರಿಂದ ಆ ವ್ಯಕ್ತಿ 1990ರಲ್ಲಿ ಬದುಕಿದ್ದರೆಂದು ಹೇಳಲಾಗದು.

ಪಹಣಿಗಿಂತ ಮ್ಯುಟೇಷನ್ ವಹಿ ಹೆಚ್ಚು ಮಾತಾಡುತ್ತದೆ. ಹಕ್ಕು ಬದಲಾದ ಕಾರಣ ಅಲ್ಲಿರುತ್ತದೆ: ಪೌತಿ, ವಿಭಾಗ, ಕ್ರಯ, ದಾನ. ಪೌತಿಯಾದರೆ ಸತ್ತವರಿಗೂ ವಾರಸುದಾರರಿಗೂ ಇರುವ ಸಂಬಂಧ ಬರೆದಿರುತ್ತದೆ. ಆದ್ದರಿಂದ ಪಹಣಿಯಲ್ಲಿ ಕಾಣುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆ ಹಿಡಿದು ಮೂಲ ವಹಿಗೆ ಹೋಗಿ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಕೈಬರಹವನ್ನು ಓದಿ ಟೈಪ್ ಮಾಡಿದ್ದಾರೆ. ಸಿದ್ದಪ್ಪ ಸಿದ್ದಮ್ಮನಾಗಿರುವುದು, ‘ಬಿನ್’ ಬಿಟ್ಟುಹೋಗಿ ಅಪ್ಪ ಮಗ ಇಬ್ಬರೂ ಸೇರಿ ಒಬ್ಬನೇ ಆಗಿರುವುದು ಇಂಥ ಕಡೆಯೇ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಕೈಬರಹದ ಪಹಣಿಯ ದೃಢೀಕೃತ ನಕಲು ತೆಗೆಸದೆ ಕಂಪ್ಯೂಟರ್ ಪಹಣಿಯ ಹೆಸರಿನ ಮೇಲೆ ಏನನ್ನೂ ಕಟ್ಟಬೇಡಿ.

ನೋಂದಾಯಿತ ಕ್ರಯಪತ್ರದಲ್ಲಿ ಉಪನೋಂದಣಾಧಿಕಾರಿ ಖಾತರಿ ಮಾಡಿಕೊಳ್ಳುವುದು ಇಷ್ಟೇ: ಪತ್ರವನ್ನು ಬರೆದುಕೊಟ್ಟವರು ಇವರೇ, ಒಪ್ಪಿ ಸಹಿ ಮಾಡಿದ್ದಾರೆ. ‘ನಮ್ಮ ಪಿತ್ರಾರ್ಜಿತ’, ‘ಏಕಮಾತ್ರ ಪುತ್ರ’ ಎಂಬ ಮಾತುಗಳ ಸತ್ಯಾಸತ್ಯ ಅವರ ಕೆಲಸವಲ್ಲ. ಆದರೆ ಪತ್ರದ ಹಿಂಬದಿಯ ಷರಾ, ಹೆಬ್ಬೆಟ್ಟು, ಹಾಜರುಪಡಿಸಿದ ದಿನಾಂಕ ಇವು ಗಟ್ಟಿ. ಆ ದಿನ ಆ ವ್ಯಕ್ತಿ ಬದುಕಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಕ್ರಯಪತ್ರದಲ್ಲಿ ಎಲ್ಲರೂ ಹಾರಿಸಿ ಓದುವ ಭಾಗ ಚಕ್ಕುಬಂದಿ, ಎಂದರೆ ಜಮೀನಿನ ನಾಲ್ಕೂ ದಿಕ್ಕಿನ ಗಡಿ. ‘ಪೂರ್ವಕ್ಕೆ ನಮ್ಮ ಅಣ್ಣನ ಪಾಲಿನ ಜಮೀನು, ದಕ್ಷಿಣಕ್ಕೆ ಚಿಕ್ಕಪ್ಪನ ಮಕ್ಕಳ ಗದ್ದೆ’ ಎಂದು ಸುಮ್ಮನೆ ಬಂದ ಮಾತು ಇಡೀ ಪತ್ರದಲ್ಲಿ ಅತಿ ಬೆಲೆಯುಳ್ಳದ್ದಾಗಿರಬಹುದು, ಏಕೆಂದರೆ ಪಕ್ಕದ ಹೊಲದವನ ಬಗ್ಗೆ ಸುಳ್ಳು ಬರೆದು ಯಾರಿಗೂ ಲಾಭವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಚಕ್ಕುಬಂದಿಯನ್ನು ಹಳೆಯ ಪತ್ರದಿಂದ ಹಾಗೆಯೇ ಇಳಿಸಿಕೊಳ್ಳುವುದು ಪತ್ರ ಬರೆಯುವ ಬಿಕ್ಕಲಂದಾರರ ರೂಢಿ. 1962ರ ಪತ್ರದ ಚಕ್ಕುಬಂದಿಯಲ್ಲಿರುವ ನೆರೆಯವನು 1930ರಲ್ಲೇ ತೀರಿಕೊಂಡಿರಬಹುದು. ಅದೇ ಸರ್ವೆ ನಂಬರಿನ ಹಿಂದಿನ ಪತ್ರ ತೆಗೆದು, ಮಾತು ಹೊಸದೋ ಹಳೆಯದೋ ನೋಡಿಕೊಳ್ಳಿ. ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿಯಾದ ಋಣಭಾರ ಪತ್ರ (ಇ.ಸಿ.) ಆನ್‌ಲೈನ್‌ನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಸೂಚಿ ಒಂದು, ಆಸ್ತಿಯ ಸೂಚಿ ಇನ್ನೊಂದು, ಎರಡನ್ನೂ ಹುಡುಕಿಸಬೇಕು.

ದಾಖಲೆ ಹುಟ್ಟಿದ ವರ್ಷವೇ ಕೆಲವೊಮ್ಮೆ ಎಚ್ಚರಿಕೆಯ ಗಂಟೆ. ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರ ಆಸುಪಾಸಿನ ವಿಭಾಗಪತ್ರಗಳಲ್ಲಿ ಭೂಮಿತಿ (ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿ) ತಪ್ಪಿಸಿಕೊಳ್ಳಲು ಕಾಗದದ ಮೇಲಷ್ಟೇ ಬೇರೆಯಾದ ಮನೆಗಳಿವೆ. ಒಟ್ಟಿಗೇ ಉಣ್ಣುತ್ತಿದ್ದ ಅಣ್ಣತಮ್ಮಂದಿರು ‘ಹತ್ತು ವರ್ಷದಿಂದ ಬೇರೆ ಇದ್ದೇವೆ’ ಎಂದು ಬರೆಸಿದ್ದಾರೆ. ಅಂಥ ಪತ್ರದಲ್ಲಿ ಸಂಬಂಧ ಸಾಮಾನ್ಯವಾಗಿ ಸರಿ ಇರುತ್ತದೆ; ಬೇರೆಯಾದ ವರ್ಷ ಮತ್ತು ಮಕ್ಕಳ ವಯಸ್ಸು ಅನುಮಾನಾಸ್ಪದ. ಇನಾಂ ದಾಖಲೆಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಇನಾಂ ಪಡೆದ ಮೂಲಪುರುಷನಿಂದ ಕಡಿಯದೆ ಬಂದ ಸಂತತಿ ತೋರಿಸಬೇಕಿತ್ತು. ಹಾಗಾಗಿ ವಯಸ್ಸುಗಳು ಸುಮಾರಾಗಿ ಸರಿ ಇದ್ದರೂ, ದತ್ತು ಬಂದವನು ಔರಸ ಪುತ್ರನಾಗಿ ಕಾಣುವುದುಂಟು.

ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರದ ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿಯೇ ಇದೆ. ಅದು ಅರ್ಜಿದಾರರ ಅಫಿಡವಿಟ್ ಮತ್ತು ಮಹಜರಿನ ಮೇಲೆ ನಿಂತ ಕಾಗದ. ಪಾಲು ಕೇಳಬಹುದಾದ ಹೆಣ್ಣುಮಕ್ಕಳು, ಮೊದಲ ಹೆಂಡತಿಯ ಮಕ್ಕಳು ಬಿಟ್ಟುಹೋಗುವುದು ಇಲ್ಲೇ. ಅದನ್ನು ಪುರಾವೆ ಎಂದಲ್ಲ, ಅರ್ಜಿದಾರರ ಹೇಳಿಕೆ ಎಂದು ಬರೆದಿಡಿ. ಹೆಣ್ಣುಮಕ್ಕಳನ್ನು ಹುಡುಕಬೇಕೆಂದರೆ ಹಕ್ಕು ಬಿಡುಗಡೆ ಪತ್ರ ನೋಡಿ. 1994ರ ರಾಜ್ಯ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟ ಮೇಲೆ ಅವರ ಸಹಿ ಬೇಕಾಯಿತು. ವೃಕ್ಷದಲ್ಲಿ ಇಲ್ಲದ ಅತ್ತೆ ಅಲ್ಲಿ ಗಂಡನ ಹೆಸರು, ಊರು ಸಮೇತ ಸಿಗುತ್ತಾಳೆ.

ಬಿನ್, ಕೋಂ, ತಂದೆ

ದಾಖಲೆ ಸರಿಯಿದ್ದು ಓದಿದವರೇ ತಪ್ಪಿದ ಪ್ರಸಂಗಗಳು ಕಡಿಮೆಯಲ್ಲ. ಹಳೇ ಮೈಸೂರಿನ ಕಾಗದದಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಇದರಲ್ಲಿ ಗೊಂದಲವಿಲ್ಲ. ಉತ್ತರ ಕರ್ನಾಟಕದ ಕಾಗದದಲ್ಲಿ ‘ಮಲ್ಲಪ್ಪ ತಂದೆ ಬಸಪ್ಪ’ ಎಂದಿದ್ದರೆ ಮಲ್ಲಪ್ಪನ ತಂದೆ ಬಸಪ್ಪ. ದಕ್ಷಿಣದವರು ಇದನ್ನು ಬಸಪ್ಪನ ತಂದೆ ಮಲ್ಲಪ್ಪ ಎಂದು ತಿರುವಿ ಓದಿ ಒಂದು ತಲೆಮಾರನ್ನೇ ಬುಡಮೇಲು ಮಾಡುತ್ತಾರೆ. ‘ನೀಲವ್ವ ಗಂಡ ಶಿವಪ್ಪ’ ಕೂಡ ಹಾಗೆಯೇ. ಹೆಸರಿನ ಜೊತೆ ‘ಅ.ಪಾ.ಕ.’ ಕಂಡರೆ ಅಜ್ಞಾನ ಪಾಲನಕರ್ತ, ಅಂದರೆ ಖಾತೆದಾರ ಅಪ್ರಾಪ್ತ, ಪಕ್ಕದ ಹೆಸರು ಪೋಷಕರದು. ಈ ಮೂರಕ್ಷರ ವಯಸ್ಸಿನ ಒಳ್ಳೆಯ ಸುಳಿವು: ಹೆಸರು ಖಾತೆಗೆ ಏರಿದ ವರ್ಷ ಆತನಿಗೆ ಹದಿನೆಂಟು ತುಂಬಿರಲಿಲ್ಲ.

ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ‘ರಾಮಪ್ಪ ಬಿನ್ ತಿಮ್ಮಪ್ಪ’, ‘ತಿಮ್ಮಪ್ಪ ಬಿನ್ ರಾಮಪ್ಪ’ ಸರದಿಯಂತೆ ಬರುತ್ತಲೇ ಇರುತ್ತವೆ. ಹೆಸರು ಒಂದೇ ಎಂಬುದರಿಂದ ವ್ಯಕ್ತಿ ಒಬ್ಬನೇ ಎನ್ನಬೇಡಿ. ಕನಿಷ್ಠ ಮೂರು ಗುರುತು ಕೂಡಿಬರಲಿ: ತಂದೆಯ ಹೆಸರು, ಸರ್ವೆ ನಂಬರು ಅಥವಾ ಮನೆ, ಹೆಂಡತಿ ಅಥವಾ ತಮ್ಮನ ಹೆಸರು. ಮದುವೆಯಲ್ಲಿ ಹೆಸರು ಬದಲಾದ ಹೆಂಗಸರಿಗೆ ತವರಿನ ದಾಖಲೆಯಲ್ಲಿ ಒಂದು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇರುತ್ತದೆ. ಅವರನ್ನು ಎರಡು ಹೆಂಡತಿಯರೆಂದು ಬರೆಯುವ ಮುನ್ನ ಮಕ್ಕಳ ಪಟ್ಟಿ ಹೋಲಿಸಿ.

ದಕ್ಷಿಣ ಕನ್ನಡ, ಉಡುಪಿಯ ಅಳಿಯಸಂತಾನ ಮನೆತನಗಳಲ್ಲಿ ಯಜಮಾನನ ನಂತರ ಖಾತೆಗೆ ಬಂದ ಹೆಸರು ಮಗನದಲ್ಲ, ಸೋದರಳಿಯನದು ಅಥವಾ ತಮ್ಮನದು. ಬೇರೆ ಕಡೆಯ ಅಭ್ಯಾಸದಲ್ಲಿ ಅಪ್ಪ-ಮಗ ಎಂದು ಗೆರೆ ಎಳೆದರೆ ಇಡೀ ವೃಕ್ಷ ತಪ್ಪುತ್ತದೆ. ಅಲ್ಲಿ ಗೆರೆ ಎಳೆಯಬೇಕಾದ್ದು ತಾಯಿಯಿಂದ.

ಸಂವತ್ಸರ, ಶಕ, ಫಸಲಿ, ಘಟಿ

ಜಾತಕ, ಕಡತ, ಮನೆಯ ಲೆಕ್ಕದ ಪುಸ್ತಕಗಳಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳಿ ಬರುವುದರಿಂದ ಬರೀ ‘ಕೀಲಕ’ ಎಂದರೆ 1908-09 ಅಥವಾ 1968-69. ಪ್ರಭವ 1867, 1927, 1987ರ ಯುಗಾದಿಗೆ ಶುರುವಾಯಿತೆಂದು ನೆನಪಿಟ್ಟುಕೊಂಡರೆ ಉಳಿದದ್ದನ್ನು ಬೆರಳೆಣಿಸಿ ತೆಗೆಯಬಹುದು. ಶಾಲಿವಾಹನ ಶಕ ಇದ್ದರೆ ಯುಗಾದಿಯಿಂದ ಡಿಸೆಂಬರ್ ಕೊನೆಯವರೆಗೆ 78, ಜನವರಿಯಿಂದ ಮುಂದಿನ ಯುಗಾದಿಯವರೆಗೆ 79 ಕೂಡಿಸಿ. ಶಕದ ಅಂಕಿ ಮತ್ತು ಸಂವತ್ಸರದ ಹೆಸರು ಒಂದಕ್ಕೊಂದು ಹೊಂದದಿದ್ದರೆ ಸಾಮಾನ್ಯವಾಗಿ ಅಂಕಿಯದ್ದೇ ತಪ್ಪು. ಕನ್ನಡದ ೬ ಮತ್ತು ೯, ಮಾಸಿದ ೦ ಮತ್ತು ೧ ನಕಲು ಮಾಡುವಾಗ ಸುಲಭವಾಗಿ ಅದಲುಬದಲಾಗುತ್ತವೆ. ಬರೀ ಒಂದು ವರ್ಷದ ವ್ಯತ್ಯಾಸವಾದರೆ ಅದು ತಪ್ಪೇ ಆಗಬೇಕಿಲ್ಲ. ಮುಗಿದ ವರ್ಷಗಳನ್ನು ಎಣಿಸುವ ಗತ ಶಕ, ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸುವ ಪ್ರವರ್ತಮಾನ ಶಕ ಎಂಬ ಎರಡು ಎಣಿಕೆಗಳಿದ್ದವು.

ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ರಾಯಚೂರು, ಬೀದರ ಕಡೆಯ ಕಾಗದಗಳಲ್ಲಿ, ಮದ್ರಾಸ್ ಪ್ರಾಂತ್ಯದ ಕಂದಾಯ ಲೆಕ್ಕಗಳಲ್ಲಿ ಫಸಲಿ ಎಂಬ ಕಂದಾಯ ವರ್ಷ ಇರುತ್ತದೆ. 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ ಸಿಗುತ್ತದೆ: ಫಸಲಿ 1358 ಎಂದರೆ 1948-49. ವರ್ಷದ ನಡುವೆ ಶುರುವಾಗುವುದರಿಂದ ಮುಂದಿನ ವರ್ಷದ ಮೊದಲ ತಿಂಗಳುಗಳಿಗೆ 591.

ವಾರ ಮತ್ತು ತಿಥಿ ಎರಡೂ ಇದ್ದರೆ ಹಳೆಯ ಪಂಚಾಂಗದಲ್ಲಿ ಅಥವಾ ಪಂಚಾಂಗ ಲೆಕ್ಕದ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿ. ವಾರ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ ಏಳರಲ್ಲಿ ಒಂದು. ನಕ್ಷತ್ರವೂ ಹೊಂದಿದರೆ ತಾರೀಖು ಗಟ್ಟಿಯಾಯಿತು. ವಾರ ಒಂದು ದಿನ ಹಿಂದೆ ಮುಂದೆ ಬಂದರೆ ಗಾಬರಿ ಬೇಡ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರು. ‘ಉದಯಾದಿ ಘಟಿ 52’ ಎಂದರೆ, ಘಟಿಗೆ 24 ನಿಮಿಷದಂತೆ, ಸೂರ್ಯೋದಯದ ನಂತರ 20 ಗಂಟೆ 48 ನಿಮಿಷ. ಬೆಳಗಿನ ಆರಕ್ಕೆ ಸೂರ್ಯೋದಯವಾದರೆ ಅದು ನಡುರಾತ್ರಿ ದಾಟಿ 2.48. ಇಂಗ್ಲಿಷ್ ತಾರೀಖು ಅಷ್ಟರಲ್ಲಿ ಬದಲಾಗಿದೆ, ಪಂಚಾಂಗದ ವಾರ ಬದಲಾಗಿಲ್ಲ.

ಜಾತಕವನ್ನು ಹುಟ್ಟಿದಾಗಲೇ ಬರೆಸಿದ್ದೋ, ಮದುವೆಯ ಹೊತ್ತಿಗೆ ಬರೆಸಿದ್ದೋ ಎಂಬುದು ನಿರ್ಣಾಯಕ. ಸಾಲಾವಳಿಗೆಂದು ಹೊಸದಾಗಿ ಬರೆಸಿದ ಜಾತಕದಲ್ಲಿ ನಕ್ಷತ್ರ ತಿದ್ದಿದ್ದಾರೆ, ಹುಡುಗಿಯ ವಯಸ್ಸು ಇಳಿಸಿದ್ದಾರೆ. ಕಾಗದ, ಮಸಿ, ಕೈಬರಹ ಅಣ್ಣತಮ್ಮಂದಿರ ಜಾತಕಗಳಲ್ಲಿ ಬೇರೆ ಬೇರೆ ಇದ್ದರೆ ಆಯಾ ಹುಟ್ಟಿಗೆ ಬರೆಸಿದ್ದೆಂದು ಊಹಿಸಬಹುದು. ಎಲ್ಲರದೂ ಒಂದೇ ಕೈ, ಒಂದೇ ಪುಸ್ತಕ ಎಂದರೆ ಆಮೇಲೆ ಇಳಿಸಿದ್ದು.

ಹೆಳವರ ಪುಸ್ತಕ, ಕ್ಷೇತ್ರಗಳ ವಹಿ

ಮನೆತನದ ಬೆಡಗು (ಕುಲದ ಒಳಕವಲು), ಮೂಲಸ್ಥಳ, ಹೆಸರುಗಳನ್ನು ತಲೆಮಾರಿನಿಂದ ಹೇಳಿಕೊಂಡು ಬಂದವರು ಹೆಳವರು. ಎತ್ತು ಏರಿ ಊರೂರು ತಿರುಗಿ ವಂಶ ಹೊಗಳಿ ದಾನ ಪಡೆಯುವುದು ಅವರ ವೃತ್ತಿ. ಅವರ ಮಾತನ್ನು ಎರಡಾಗಿ ಒಡೆದು ನೋಡಿ. ಅವರ ತಂದೆ, ತಾತ ಸ್ವತಃ ಬಂದು ಹೋಗುತ್ತಿದ್ದ ಕಾಲದ ಹೆಸರುಗಳು, ಸುಮಾರು ಮೂರು ನಾಲ್ಕು ತಲೆಮಾರು, ಬಹುಮಟ್ಟಿಗೆ ಭದ್ರ. ಯಾವ ವರ್ಷ ಯಾರ ಕೈಯಿಂದ ಏನು ದಾನ ಬಂತೆಂಬ ಟಿಪ್ಪಣಿಯಂತೂ ಅವರ ಸ್ವಂತ ಲೆಕ್ಕ; ಅದನ್ನು ಧೈರ್ಯವಾಗಿ ನಂಬಿ. ಅದಕ್ಕೂ ಮೇಲಿನದು, ಯಾವುದೋ ಅರಸನ ದಂಡಿನಲ್ಲಿ ಬಂದವರು, ಇಂಥ ಋಷಿಯ ಕುಲದವರು ಎಂಬುದು ಹೊಗಳಿಕೆಯ ಭಾಗ. ಅದನ್ನು ಸಂಪ್ರದಾಯ ಎಂದೇ ಬರೆದಿಡಿ. ದಾನ ಕೊಡದೆ ನಿಂತುಹೋದ ಕವಲು, ಊರು ಬಿಟ್ಟು ಹೋದವರು, ಹೆಣ್ಣುಮಕ್ಕಳು ಪಟ್ಟಿಯಲ್ಲಿ ಇರದಿರಬಹುದು. ಹೆಳವರಿಗೆ ನಿಮ್ಮ ಪಟ್ಟಿಯನ್ನು ಮೊದಲೇ ತೋರಿಸಬೇಡಿ. ತೋರಿಸಿದರೆ ನಿಮ್ಮ ಮಾತೇ ನಿಮಗೆ ಮರಳಿ ಬರುತ್ತದೆ.

ಹರಿದ್ವಾರ, ಗಯಾ, ತ್ರ್ಯಂಬಕೇಶ್ವರಗಳ ಪುರೋಹಿತರ ವಹಿಗಳಲ್ಲಿ ಯಾತ್ರಿಕರೇ ನಿಂತು ಹೆಸರು ಬರೆಸಿ ಸಹಿ ಮಾಡಿದ್ದಾರೆ. ಯಾತ್ರೆಗೆ ಬಂದವರ ಮಕ್ಕಳು, ಸೋದರರು, ತಂದೆ, ತಾತ ಇಷ್ಟರ ಮಟ್ಟಿಗೆ ಅದು ಕಣ್ಣಾರೆ ಕಂಡವರ ಹೇಳಿಕೆ. ಮುತ್ತಾತನಿಂದ ಮೇಲಕ್ಕೆ ಯಾತ್ರಿಕರೂ ಕೇಳಿ ತಿಳಿದದ್ದೇ. ಹರಿದ್ವಾರದ ತಾರೀಖು ವಿಕ್ರಮ ಶಕದಲ್ಲಿದ್ದರೆ 57 ಕಳೆಯಿರಿ, ಜನವರಿಯಿಂದ ಚೈತ್ರದವರೆಗೆ 56. ಇನ್ನೊಂದು ಸೂಕ್ಷ್ಮ ಇದೆ: ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿದರೆ ಉತ್ತರದಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ನಮ್ಮ ಶ್ರಾವಣ ಬಹುಳ ಅವರಿಗೆ ಭಾದ್ರಪದ ಕೃಷ್ಣ. ಇದನ್ನು ಮರೆತರೆ ಶ್ರಾದ್ಧದ ತಿಥಿ ಒಂದು ತಿಂಗಳು ತಪ್ಪುತ್ತದೆ.

ಶಾಸನದಲ್ಲಿ ನಮ್ಮ ಊರಿನ, ನಮ್ಮ ಮನೆಯ ಹೆಸರು ಸಿಕ್ಕಿತೆಂದು ವೀರಗಲ್ಲಿನ ವೀರನನ್ನು ಮೂಲಪುರುಷನನ್ನಾಗಿ ಮಾಡಿಕೊಳ್ಳುವ ಚಪಲ ಬೇಡ. ಹೆಸರಿಗೂ ನಿಮಗೂ ನಡುವೆ ಇಪ್ಪತ್ತು ತಲೆಮಾರಿನ ಕೊಂಡಿ ಕಾಣೆಯಾಗಿರುತ್ತದೆ. ತಾಮ್ರಪಟವಂತೂ ಇನ್ನೂ ಎಚ್ಚರ. ಗಂಗರ ಹೆಸರಿನಲ್ಲಿ ಹುಟ್ಟಿದ ಕೂಟ (ನಕಲಿ) ತಾಮ್ರಶಾಸನಗಳ ಬಗ್ಗೆ ಶಾಸನತಜ್ಞ ಜೆ.ಎಫ್. ಫ್ಲೀಟ್ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿದ್ದಾರೆ.

ಜನನ ಮರಣ ನೋಂದಣಿ, ಮತದಾರರ ಪಟ್ಟಿ, ಜನಗಣತಿ

1969ರ ಅಧಿನಿಯಮ ಕರ್ನಾಟಕದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಯಾಯಿತು. ಪ್ರಮಾಣಪತ್ರದಲ್ಲಿ ಘಟನೆಯ ದಿನಾಂಕಕ್ಕಿಂತ ನೋಂದಣಿ ದಿನಾಂಕವನ್ನು ಮೊದಲು ಓದಿ. 21 ದಿನದೊಳಗೆ ಆಗಿದ್ದರೆ ಒಳ್ಳೆಯ ದಾಖಲೆ. ಒಂದು ವರ್ಷ ಮೀರಿದ್ದರೆ ಅದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಬಂದದ್ದು. ಆ ಆದೇಶಕ್ಕೆ ಆಧಾರವಾಗಿ ಬಹಳ ಸಲ ಶಾಲೆಯ ದಾಖಲೆಯನ್ನೇ ಕೊಟ್ಟಿರುತ್ತಾರೆ. ಅಲ್ಲಿಗೆ ಮತ್ತೆ ಜೂನ್ 1. ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ, ಆ ಕಚೇರಿಯ ಆ ವರ್ಷದ ಪುಸ್ತಕದಲ್ಲಿ ಆ ಹೆಸರು ಸಿಗಲಿಲ್ಲ ಎಂದಷ್ಟೇ ಅರ್ಥ. ಎಷ್ಟೋ ನಮೂದುಗಳಲ್ಲಿ ಮಗುವಿಗೆ ಹೆಸರೇ ಇಲ್ಲ, ಬರೀ ‘ಗಂಡು’ ಅಥವಾ ‘ಹೆಣ್ಣು’. ತಂದೆಯ ಹೆಸರಿನಿಂದ, ಅದೂ ಹೆರಿಗೆಯಾದ ಊರಿನಲ್ಲಿ, ಎಂದರೆ ಹೆಚ್ಚಾಗಿ ತಾಯಿಯ ತವರಿನಲ್ಲಿ ಹುಡುಕಿಸಿ.

ಮತದಾರರ ಪಟ್ಟಿಯಲ್ಲಿ ವಯಸ್ಸು ಬಾಗಿಲು ತೆರೆದವರು ಹೇಳಿದ್ದು. ಆದರೆ ಒಂದೇ ಮನೆಯಲ್ಲಿ ಯಾರು ಯಾರು ಇದ್ದರೆಂಬುದಕ್ಕೆ ಉಪಯುಕ್ತ. 1989ರವರೆಗೆ ಮತದಾನದ ವಯಸ್ಸು 21. ಹಾಗಾಗಿ 1983ರ ಪಟ್ಟಿಯಲ್ಲಿ ಹೆಸರಿಲ್ಲದ ಹತ್ತೊಂಬತ್ತರ ಹುಡುಗ ಊರು ಬಿಟ್ಟಿದ್ದನೆಂದು ತೀರ್ಮಾನಿಸಬೇಡಿ. ಜನಗಣತಿಯಲ್ಲಿ ಮನೆವಾರು ವಿವರ ಸಿಕ್ಕೀತೆಂದು ಕಾಯುವುದು ವ್ಯರ್ಥ. 1948ರ ಜನಗಣತಿ ಅಧಿನಿಯಮ ಅದನ್ನು ಗುಟ್ಟಾಗಿರಿಸಿದೆ.

ಚರ್ಚ್ ದಾಖಲೆಗಳಲ್ಲಿ ಬ್ಯಾಪ್ಟಿಸಂ ದಿನ ಹುಟ್ಟಿದ ದಿನವಲ್ಲ. ಮತಾಂತರವಾದವರಿಗೆ ಎರಡರ ನಡುವೆ ಮೂವತ್ತು ವರ್ಷವೂ ಇರಬಹುದು.

ಕಾಗದವೇ ಸುಳ್ಳಾಡುತ್ತಿದ್ದರೆ

ಕಾಗದದ ತಾರೀಖಿನಲ್ಲಿ ಇರಲು ಸಾಧ್ಯವೇ ಇಲ್ಲದ ಸಂಗತಿ ಒಳಗಿದೆಯೇ ನೋಡಿ. ‘ಕರ್ನಾಟಕ ರಾಜ್ಯ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ನಯಾ ಪೈಸೆ 1957ರ ಏಪ್ರಿಲ್ 1ಕ್ಕೆ. ಪಿನ್‌ಕೋಡ್ 1972ರ ಆಗಸ್ಟ್ 15ಕ್ಕೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ದಾವಣಗೆರೆ, ಉಡುಪಿ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ. 1950ರ ಪತ್ರದಲ್ಲಿ ‘ಗದಗ ಜಿಲ್ಲೆ’ ಇದ್ದರೆ ಅದು 1997ರ ನಂತರ ಬರೆದ ಕಾಗದ. ಎಲ್ಲ ಸಲವೂ ಮೋಸವೇ ಆಗಿರಬೇಕಿಲ್ಲ. ಹಳೆಯ ಪತ್ರವನ್ನು ನಕಲು ಮಾಡುವಾಗ ಊರ ವಿಳಾಸವನ್ನು ‘ಸರಿಪಡಿಸಿದ್ದೂ’ ಇರಬಹುದು. ಆಗ ಮೂಲ ಎಲ್ಲಿದೆ ಎಂದು ಕೇಳುವುದು ಮುಂದಿನ ಹೆಜ್ಜೆ. 1930ರ ಕಾಗದದಲ್ಲಿ ಬಾಲ್‌ಪೆನ್ ಬರಹ ಕಂಡರೆ ಮಾತ್ರ ಹೆಚ್ಚು ಯೋಚಿಸಬೇಕಾಗಿಲ್ಲ.

ವ್ಯಾಜ್ಯದ ಕಾಗದಗಳಿಗೆ ನ್ಯಾಯಾಲಯದ ಅಳತೆಗೋಲನ್ನೇ ಬಳಸಿ. 1872ರ ಸಾಕ್ಷ್ಯ ಅಧಿನಿಯಮದ 32ನೇ ಕಲಮು ತೀರಿಹೋದವರು ಬಂಧುತ್ವದ ಬಗ್ಗೆ ಹೇಳಿದ ಮಾತಿಗೆ ಬೆಲೆ ಕೊಟ್ಟದ್ದು, ಆ ಮಾತು ವ್ಯಾಜ್ಯ ಏಳುವ ಮುನ್ನ ಹೊರಟಿದ್ದರೆ ಮಾತ್ರ. 2024ರ ಜುಲೈಯಲ್ಲಿ ಅದರ ಜಾಗಕ್ಕೆ ಬಂದ ಹೊಸ ಅಧಿನಿಯಮದಲ್ಲೂ ಆ ಷರತ್ತು ಉಳಿದಿದೆ. ದಾವೆ ಹಾಕಿದ ಮೇಲೆ ಬರೆದ ವಂಶವೃಕ್ಷಕ್ಕಿಂತ, ದಾವೆಗೆ ಇಪ್ಪತ್ತು ವರ್ಷ ಮುಂಚಿನ ಮದುವೆ ಕರೆಯೋಲೆ ಮೇಲು. ಹಾಗೆಯೇ, ಪ್ರತಿವಾದಿ ತನಗೆ ನಷ್ಟವಾಗುವಂತೆ ‘ಹೌದು, ಅವಳು ನನ್ನ ಅಕ್ಕ’ ಎಂದು ಒಪ್ಪಿಕೊಂಡ ಸಾಲಿಗೆ ವಾದಿಯ ಹತ್ತು ಪುಟಗಳಿಗಿಂತ ತೂಕ ಹೆಚ್ಚು.

ದಾಖಲೆಗಳು ಒಂದಕ್ಕೊಂದು ಒಪ್ಪದಿದ್ದಾಗ

ಅಜ್ಜನ ಹುಟ್ಟಿದ ವರ್ಷಕ್ಕೆ ಐದು ಮೂಲಗಳಿವೆ ಎಂದುಕೊಳ್ಳಿ. ಶಾಲೆಯ ಪುಸ್ತಕ: 1-6-1921. 1948ರ ಕ್ರಯಪತ್ರ: ವಯಸ್ಸು ಸುಮಾರು 30. 1985ರ ಮರಣ ನೋಂದಣಿ: ವಯಸ್ಸು 70. ಜಾತಕ: ಕಾಳಯುಕ್ತಿ ಸಂವತ್ಸರ, ತಿಥಿ, ವಾರ ಸಮೇತ. ಅಜ್ಜನ ಅಕ್ಕ ಹೇಳುತ್ತಿದ್ದ ಮಾತು: ‘ಊರಲ್ಲಿ ಜ್ವರ ಬಂದು ಜನ ಸಾಲುಸಾಲಾಗಿ ಸತ್ತಾಗ ಅವನು ತೊಟ್ಟಿಲಲ್ಲಿದ್ದ.’

ಸರಾಸರಿ ತೆಗೆಯಬೇಡಿ, ಬಹುಮತವನ್ನೂ ಎಣಿಸಬೇಡಿ. ಪ್ರತಿಯೊಂದನ್ನೂ ವರ್ಷಕ್ಕೆ ಇಳಿಸಿ: 1921, 1918, 1915, 1918-19, ಮತ್ತು 1918ರ ಇನ್‌ಫ್ಲುಯೆಂಜಾ. 70, 30 ಎಂಬ ವಯಸ್ಸುಗಳು ದುಂಡಗಿನ ಸಂಖ್ಯೆಗಳು. ಎರಡಕ್ಕೂ ಹಿಂದೆ ಮುಂದೆ ಐದು ವರ್ಷ ಬಿಡಿ. ಸೊನ್ನೆ ಮತ್ತು ಐದಕ್ಕೆ ವಯಸ್ಸು ವಾಲುವುದು ಎಷ್ಟು ಸಾಮಾನ್ಯವೆಂದರೆ ಜನಸಂಖ್ಯಾ ಶಾಸ್ತ್ರದವರು ಅದನ್ನು ಅಳೆಯಲು ವಿಪಲ್ ಸೂಚ್ಯಂಕವನ್ನೇ ಇಟ್ಟುಕೊಂಡಿದ್ದಾರೆ: ಯಾವ ಒಲವೂ ಇಲ್ಲದಿದ್ದರೆ 100, ಎಲ್ಲರೂ ಸೊನ್ನೆ-ಐದನ್ನೇ ಹೇಳಿದರೆ 500. ಆ ಹತ್ತು ವರ್ಷದ ಹರವಿನಲ್ಲಿ 1918 ಎರಡಕ್ಕೂ ಒಳಗೇ ಬೀಳುತ್ತದೆ. ಜಾತಕದ ತಿಥಿ, ವಾರ 1918-19ರ ಪಂಚಾಂಗಕ್ಕೆ ಹೊಂದಿತೇ ನೋಡಿ. ಕಾಳಯುಕ್ತಿ 1858ರಲ್ಲೂ 1978ರಲ್ಲೂ ಬಂದಿದೆ, ಎರಡೂ ಇಲ್ಲಿ ಅಸಾಧ್ಯ. ಅಕ್ಕನ ಮಾತು ಜಾತಕ ನೋಡಿ ಹೇಳಿದ್ದಲ್ಲ. ಆದ್ದರಿಂದ ಅದು ಸ್ವತಂತ್ರ ಸಾಕ್ಷಿ. ಉಳಿದದ್ದು 1921. ಅದು ಏಕೆ ತಪ್ಪಿತೆಂದು ಹೇಳಲು ಬಂದರೆ ಮಾತ್ರ ತೀರ್ಮಾನ ಮುಗಿಯಿತು: ತಡವಾಗಿ ಶಾಲೆಗೆ ಸೇರಿಸಿದರು, ವಯಸ್ಸು ಇಳಿಸಿದರು, ಜೂನ್ 1 ಹಾಕಿದರು. ಹೀಗೆ ತಪ್ಪಿನ ಕಾರಣ ತೋರಿಸಲಾಗದಿದ್ದರೆ ಎರಡೂ ವರ್ಷಗಳನ್ನು ಬರೆದು ಬಾಗಿಲು ತೆರೆದಿಡಿ.

ಹಿರಿಯರನ್ನು ಕೇಳುವಾಗ ‘ಎಷ್ಟನೇ ಇಸವಿ’ ಎಂದು ಕೇಳಿ ಪ್ರಯೋಜನವಿಲ್ಲ. ಊರಿನ ನೆನಪಿಗೆ ಗಂಟುಹಾಕಿ ಕೇಳಿ: ಧಾತು-ಈಶ್ವರದ ಬರ (1876-78), ಬೆಂಗಳೂರಿಗೆ ಪ್ಲೇಗ್ ಬಂದ 1898, 1918ರ ಜ್ವರ, ಏಕೀಕರಣ. ಇಬ್ಬರನ್ನು ಒಟ್ಟಿಗೆ ಕೂರಿಸಿ ಕೇಳಬೇಡಿ. ಹಿರಿಯರ ಮಾತಿಗೆ ಕಿರಿಯರು ತಲೆಯಾಡಿಸುತ್ತಾರೆ, ನೀವು ಎರಡು ಸಾಕ್ಷಿ ಎಂದುಕೊಳ್ಳುತ್ತೀರಿ.

ಇಡೀ ವೃಕ್ಷ ಕೂಡಿಸಿದ ಮೇಲೆ ಒಂದು ಒರಟು ಲೆಕ್ಕ ಹಾಕಿ. ತಲೆಮಾರಿಗೆ 25ರಿಂದ 30 ವರ್ಷ. 300 ವರ್ಷಕ್ಕೆ ಏಳೇ ಹೆಸರಿದ್ದರೆ ತಲೆಮಾರಿಗೆ 43 ವರ್ಷ ಬಂತು. ಹೆಸರುಗಳು ಬಿಟ್ಟುಹೋಗಿವೆ, ಅಥವಾ ಒಂದೇ ಹೆಸರಿನ ಅಜ್ಜ ಮೊಮ್ಮಗ ಒಬ್ಬರಾಗಿದ್ದಾರೆ. ತಾಯಿ-ಮಗುವಿನ ಅಂತರ 13ಕ್ಕಿಂತ ಕಡಿಮೆ ಅಥವಾ 48ಕ್ಕಿಂತ ಹೆಚ್ಚಾದರೆ ಅಲ್ಲೊಂದು ಕೊಂಡಿ ತಪ್ಪಿದೆ ಎಂದು ಹಿಡಿದು ಹಿಂದಿರುಗಿ ಹುಡುಕಿ.

ಬರೆದಿಡುವಾಗ

ಪ್ರತಿ ಹೆಸರಿನ ಎದುರು ಆಧಾರ ಬರೆಯಿರಿ: ಕಚೇರಿ, ಪುಸ್ತಕದ ಹೆಸರು, ವರ್ಷ, ಪುಟ, ಸರ್ವೆ ಅಥವಾ ಎಂ.ಆರ್. ಸಂಖ್ಯೆ, ನೀವು ನೋಡಿದ್ದು ಮೂಲವೋ ನಕಲೋ, ನೋಡಿದ ದಿನ. ಫೋಟೊ ತೆಗೆಯುವಾಗ ಬೇಕಾದ ಸಾಲನ್ನಷ್ಟೇ ತೆಗೆಯಬೇಡಿ. ಪುಸ್ತಕದ ಹೊದಿಕೆ, ಪೂರ್ತಿ ಪುಟ, ಹಿಂದಿನ ಮುಂದಿನ ಪುಟ ಎಲ್ಲವೂ ಬೇಕು. ಸುತ್ತಲಿನ ನಮೂದುಗಳೆಲ್ಲ ಒಂದೇ ಮಸಿಯಲ್ಲಿದ್ದು ನಿಮ್ಮದು ಮಾತ್ರ ಬೇರೆ ಮಸಿಯಲ್ಲಿದ್ದರೆ ಅದು ಆಮೇಲೆ ಸೇರಿಸಿದ್ದೆಂದು ಗೊತ್ತಾಗುವುದು ಪೂರ್ತಿ ಪುಟದಲ್ಲೇ. ಕಾಗುಣಿತ ತಿದ್ದದೆ ಇದ್ದಂತೆ ಇಳಿಸಿಕೊಳ್ಳಿ, ನಿಮ್ಮ ಓದು ಬೇರೆ ಸಾಲಿನಲ್ಲಿರಲಿ.

1956ಕ್ಕಿಂತ ಹಿಂದಿನದನ್ನು ಹುಡುಕುವಾಗ ಊರು ಆಗ ಯಾರ ಆಡಳಿತದಲ್ಲಿತ್ತೆಂದು ಮೊದಲು ನೋಡಿ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯ. ಬಳ್ಳಾರಿ (1953ರವರೆಗೆ), ದಕ್ಷಿಣ ಕನ್ನಡ ಮದ್ರಾಸ್. ಉತ್ತರ ಕನ್ನಡ 1862ರವರೆಗೆ ಮದ್ರಾಸ್, ಆಮೇಲೆ ಮುಂಬಯಿ. ಮುಂಬಯಿ ಕಡೆಯ ಹಳೆಯ ಕಾಗದ ಮೋಡಿ ಎಂಬ ಕೂಡುಬರಹದ ಲಿಪಿಯಲ್ಲಿ, ನಿಜಾಮರ ಕಡೆಯದು ಉರ್ದುವಿನಲ್ಲಿ ಇರಬಹುದು. ಓದಿಕೊಟ್ಟವರ ಅನುವಾದವೂ ಒಂದು ನಕಲೇ. ಮೋಡಿ ಬಲ್ಲ ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಿ, ಹೆಸರು ಮತ್ತು ಅಂಕಿಗಳು ಎರಡರಲ್ಲೂ ಹೊಂದಿದ ಮೇಲೆ ವೃಕ್ಷಕ್ಕೆ ಏರಿಸಿ. ಅಲ್ಲಿಯವರೆಗೆ ಆ ಹೆಸರು ಪೆನ್ಸಿಲ್‌ನಲ್ಲಿರಲಿ.